ನಾಲ್ವರಿಗೆ ಜಾಗವಿರುವ ಕುದುರೆ

ತರುಣ ಮಿತ್ರರೇ, ನಿಮ್ಮ ಕೋಣೆಯ ಗೋಡೆಯ ಮೇಲೆ ಕೆಂಪು ಫೆರಾರಿಯ ಚಿತ್ರವಿದೆಯೇ? ಬಹುಶಃ ಅದು ಇಬ್ಬರೇ ಕೂರುವ ಕಾರು. ಅದನ್ನು ಕಂಡರೆ ನಮ್ಮಂಥ ತಾಯಂದಿರು ಕೇಳುವುದು ಒಂದೇ ಪ್ರಶ್ನೆ: "ಹಿಂದೆ ಯಾರು ಕೂರ್ತಾರೆ? ಸಾಮಾನು ಎಲ್ಲಿಡೋದು?" ನೀವು ನಗುತ್ತೀರಿ. ಆದರೆ ಇಟಲಿಯ ಮರನೆಲ್ಲೋದಲ್ಲಿರುವ ಫೆರಾರಿಯ ಇಂಜಿನಿಯರುಗಳು ಈ ಪ್ರಶ್ನೆಗೆ ನಗಲಿಲ್ಲ, ಉತ್ತರ ಕೊಟ್ಟರು.

ಆ ಉತ್ತರವೇ 2011ರಲ್ಲಿ ಜಿನೀವಾ ಪ್ರದರ್ಶನದಲ್ಲಿ ಕಾಣಿಸಿಕೊಂಡ ಫೆರಾರಿ ಎಫ್‌ಎಫ್. ನಾಲ್ಕು ಆಸನ, ನಾಲ್ಕು ಚಕ್ರಗಳಿಗೂ ಶಕ್ತಿ. ಹಿಂದಿನ ಆಸನಗಳಲ್ಲಿ ದೊಡ್ಡವರೇ ಕೂರಬಹುದು. ಡಿಕ್ಕಿಯಲ್ಲಿ 450 ಲೀಟರ್ ಜಾಗ, ಹಿಂದಿನ ಆಸನ ಮಡಿಸಿದರೆ 800 ಲೀಟರ್. ಇಷ್ಟಾದರೂ ವೇಗದಲ್ಲಿ ರಾಜಿಯಿಲ್ಲ. 6.3 ಲೀಟರಿನ, 12 ಸಿಲಿಂಡರುಗಳ ಇಂಜಿನ್, 660 ಅಶ್ವಶಕ್ತಿ, ಗಂಟೆಗೆ 335 ಕಿ.ಮೀ. ವೇಗ. ನಿಂತಲ್ಲಿಂದ ನೂರು ಕಿ.ಮೀ. ವೇಗ ಮುಟ್ಟಲು 3.7 ಸೆಕೆಂಡು ಸಾಕು!

ಇದರ ಜಾಣ್ಮೆ ನೋಡಿ. ನಾಲ್ಕು ಚಕ್ರಗಳಿಗೂ ಶಕ್ತಿ ಹಂಚಲು ಸಾಮಾನ್ಯವಾಗಿ ಭಾರವಾದ ಯಂತ್ರಭಾಗಗಳು ಬೇಕು. ಭಾರ ಹೆಚ್ಚಿದರೆ ಫೆರಾರಿಯ ಚುರುಕು ಹೋಯಿತು. ಆದ್ದರಿಂದ ಮುಖ್ಯ ಗೇರ್‌ಬಾಕ್ಸನ್ನು ಹಿಂದೆಯೇ ಇಟ್ಟು, ಇಂಜಿನ್ನಿನ ಮುಂಭಾಗಕ್ಕೆ ಒಂದು ಪುಟ್ಟ ಗೇರ್‌ಬಾಕ್ಸ್ ಜೋಡಿಸಿದರು. ಹಿಮದಲ್ಲೋ ಮಳೆಯಲ್ಲೋ ಹಿಡಿತ ಬೇಕಾದಾಗ, ಮೊದಲ ನಾಲ್ಕು ಗೇರುಗಳಲ್ಲಿ ಮಾತ್ರ ಅದು ಮುಂದಿನ ಚಕ್ರಗಳಿಗೆ ಶಕ್ತಿ ಕೊಡುತ್ತದೆ. ಆಮೇಲೆ ಕಾರು ಓಡುವುದು ಹಿಂದಿನ ಚಕ್ರಗಳ ಬಲದಿಂದಲೇ.

ಉದ್ದನೆಯ ಚಾವಣಿ, ಅಗಲವಾದ ಹಿಂಬದಿ ಇರುವ ಅದರ ಆಕಾರ ಎಲ್ಲರಿಗೂ ಹಿಡಿಸಲಿಲ್ಲ. "ಇದೆಂಥ ಫೆರಾರಿ?" ಎಂದು ಮೂಗು ಮುರಿದವರೂ ಉಂಟು. ಆದರೆ ಕಾರನ್ನು ಮನಸಾರೆ ಪ್ರೀತಿಸುವವರಿಗೆ ಅದೇ ಪ್ರಿಯವಾಯಿತು. ಏಕೆಂದರೆ ಅದು ಶೆಡ್ಡಿನಲ್ಲಿ ಮುಚ್ಚಿಟ್ಟು ಪೂಜಿಸುವ ಕಾರಲ್ಲ. ಮಕ್ಕಳನ್ನು ಕೂರಿಸಿಕೊಂಡು, ಪೆಟ್ಟಿಗೆಗಳನ್ನು ತುಂಬಿಕೊಂಡು, ಮಳೆ ಬಂದರೂ ಹೊರಡಬಹುದಾದದ್ದು. 2016ರಲ್ಲಿ ಅದರ ಜಾಗಕ್ಕೆ ಜಿಟಿಸಿ4 ಲುಸ್ಸೋ ಬಂತು. 2022ರಲ್ಲಿ ನಾಲ್ಕು ಬಾಗಿಲುಗಳ ಪುರೋಸಾಂಗ್ವೆಯೂ ಬಂತು.

ಫೆರಾರಿ ಕೊಳ್ಳುವ ಯೋಗ ನಮ್ಮಲ್ಲಿ ಎಷ್ಟು ಮಂದಿಗಿದೆಯೋ, ಆ ಮಾತು ಬಿಡಿ. ಉಪಯೋಗಕ್ಕೆ ಬರುವುದೆಲ್ಲ ಸಪ್ಪೆ, ಉಪಯೋಗಕ್ಕೆ ಬಾರದ್ದೇ ಶ್ರೇಷ್ಠ ಎಂದು ನಿಮ್ಮ ವಯಸ್ಸಿನಲ್ಲಿ ಅನ್ನಿಸುವುದು ಸಹಜ. ಹಾಗೇನೂ ಇಲ್ಲವೆಂದು ಈ ಕಾರು ತೋರಿಸಿತು. ನಿಮ್ಮ ಕನಸು ಎಷ್ಟು ವೇಗವಾಗಿ ಬೇಕಾದರೂ ಓಡಲಿ. ಹಿಂದಿನ ಆಸನದಲ್ಲಿ ಮನೆಯವರಿಗೂ ಒಂದಿಷ್ಟು ಜಾಗವಿರಲಿ.