ನಿಮಗಿದು ಗೊತ್ತೆ? ಟೀಕೆಗೂ ಇದೆ ಕಾನೂನಿನ ಕಾವಲು

ನಿಜಾಮರ ಸೀಮೆಯಾಗಿದ್ದ ಬಸವಕಲ್ಯಾಣ, ಹುಮನಾಬಾದ್‌ಗಳಿಗೆ ಭಾರತೀಯ ದಂಡ ಸಂಹಿತೆ ಅನ್ವಯವಾದದ್ದು 1951ರಲ್ಲಿ. ಅದರ 499ನೇ ಕಲಂ ಮಾನನಷ್ಟದ ಆರೋಪಕ್ಕೆ ಹತ್ತು ವಿನಾಯಿತಿ ಕೊಟ್ಟಿತ್ತು. 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂನಲ್ಲೂ ಅವು ಉಳಿದಿವೆ. ಹುಮನಾಬಾದ್ ಪೇಟೆಯಲ್ಲಿ ಕೊಂಡ ಬೀಜ ಮೊಳೆಯಲಿಲ್ಲವೆಂದು ರೈತನೊಬ್ಬ ಸದುದ್ದೇಶದಿಂದ ಉಳಿದವರನ್ನು ಎಚ್ಚರಿಸಿದರೆ ಹತ್ತನೇ ವಿನಾಯಿತಿ ಅವನ ಬೆನ್ನಿಗಿದೆ. ಬಸವಕಲ್ಯಾಣದ ವೇದಿಕೆಯಲ್ಲಿ ಹಾಡಿದವರ ಗಾಯನವನ್ನು ವಿಮರ್ಶಿಸಲು ಆರನೆಯದು. ಗೆರೆ ಎಲ್ಲಿದೆ ಎಂಬುದಕ್ಕೆ ಕಾನೂನೇ ಕೊಡುವ ಉದಾಹರಣೆ ಬಲು ಸೊಗಸು: ಪುಸ್ತಕ ಅಸಭ್ಯ, ಆದ್ದರಿಂದ ಬರೆದವನ ಮನಸ್ಸೂ ಮಲಿನವಿರಬೇಕು ಎನ್ನಬಹುದು, ಬರೆದವನೇ ಲಂಪಟ, ಪುಸ್ತಕ ಹಾಗಿರುವುದರಲ್ಲಿ ಆಶ್ಚರ್ಯವೇನು ಎನ್ನುವಂತಿಲ್ಲ. ವಿನಾಯಿತಿ ತನಗೆ ಸಲ್ಲುತ್ತದೆಂದು ತೋರಿಸುವ ಹೊಣೆ ಮಾತ್ರ ಆರೋಪಿಯದೇ. ಬೀಜದ ರಸೀದಿ ಜೋಪಾನವಾಗಿಡಿ.