ಹಳೆಯ ಕಾರು, ಹೊಸ ಒಡೆಯ

ಕಬ್ಬಿನ ಕಟಾವು ನಡೆದಿರುವ ಕಾಲ. ಜಮಖಂಡಿಯಿಂದ ಮುಧೋಳದ ಕಡೆಗೆ ಹೋಗುವ ರಸ್ತೆಯಲ್ಲಿ ಸಂಜೆಯಾದರೆ ಸಾಕು, ಟ್ರ್ಯಾಕ್ಟರುಗಳ ಸಾಲು ಮುಗಿಯುವುದೇ ಇಲ್ಲ. ಒಂದೊಂದರ ಹಿಂದೆಯೂ ಎರಡೆರಡು ಡಬ್ಬಿ, ಆಕಾಶದೆತ್ತರಕ್ಕೆ ಹೇರಿದ ಕಬ್ಬು. ಆ ಸಾಲಿನ ನಡುವೆ ನೆಲಕ್ಕಂಟಿದಂತೆ ತಗ್ಗಾದ, ಮೇಲ್ಮುಚ್ಚಳವಿಲ್ಲದ, ಇಬ್ಬರೇ ಕೂರಬಲ್ಲ ಒಂದು ಕೆಂಪು ಮೋಟಾರು ಹಾದುಹೋಯಿತೆಂದು ಊಹಿಸಿಕೊಳ್ಳಿ. ಚಹದಂಗಡಿಯ ಮುಂದಿನ ಮಂದಿ ಬಟ್ಟಲನ್ನು ಕೆಳಗಿಟ್ಟು ಎದ್ದು ನಿಲ್ಲುತ್ತಾರೆ. ಶಾಲೆಯ ಹುಡುಗರು ಹಿಂದೆಯೇ ಓಡುತ್ತಾರೆ. ಹಿರಿಯರೊಬ್ಬರು ಮಾತ್ರ ನಿಂತಲ್ಲಿಂದಲೇ, "ಕಿಮ್ಮತ್ತ ಎಷ್ಟಾತು?" ಎಂದು ಕೇಳುತ್ತಾರೆ.

ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಹಳೆಯ ಸ್ಪೋರ್ಟ್ಸ್ ಕಾರಿನ ವಿಷಯದಲ್ಲಿ ಕಿಮ್ಮತ್ತು ಕೊಳ್ಳುವ ದಿನಕ್ಕೆ ಮುಗಿಯುವುದಿಲ್ಲ, ಆ ದಿನದಿಂದ ಆರಂಭವಾಗುತ್ತದೆ. ಚೆನ್ನಾಗಿ ಕಾಪಾಡಿದ ಗಾಡಿ ಸಿಕ್ಕರೆ ಮನೆಗೆ ಹಬ್ಬ. ಚೆನ್ನಾಗಿ ಬಣ್ಣ ಬಳಿದ ಗಾಡಿ ಸಿಕ್ಕರೆ ಮನೆಗೆ ಗ್ರಹಚಾರ. ಎರಡೂ ದೂರದಿಂದ ಒಂದೇ ತೆರನಾಗಿ ಕಾಣುತ್ತವೆ ಎಂಬುದೇ ತೊಡಕು.

ಎಲ್ಲಿಂದ ಬಂದವು ಈ ಗಾಡಿಗಳು?

ಜಮಖಂಡಿಯಲ್ಲಿ ಪಟವರ್ಧನರು, ಮುಧೋಳದಲ್ಲಿ ಘೋರ್ಪಡೆಯವರು ಆಳಿದ ಸಂಸ್ಥಾನಗಳಿದ್ದುವು. 1948ರಲ್ಲಿ ಅವು ಮುಂಬಯಿ ಪ್ರಾಂತಕ್ಕೆ ಸೇರಿದವು. 1956ರಲ್ಲಿ ಈ ಸೀಮೆ ಮೈಸೂರು ರಾಜ್ಯಕ್ಕೆ ಬಂದಿತು. ಆ ಸಂಸ್ಥಾನಗಳ ಕಾಲದಲ್ಲಿ ವಿದೇಶದ ಮೋಟಾರೆಂದರೆ ನಾಡಿನಾದ್ಯಂತ ಅರಮನೆಗಳ, ದೊಡ್ಡ ವಕೀಲರ, ವೈದ್ಯರ, ಗಿರಣಿ ಮಾಲಿಕರ ಸೊತ್ತು. 1971ರಲ್ಲಿ ರಾಜಧನ ರದ್ದಾದ ಮೇಲೆ ದೇಶದ ಅನೇಕ ಮನೆತನಗಳು ಗಾಡಿಗಳನ್ನು ಮಾರಿದವು. ಕೆಲವು ಪ್ರೀತಿಸುವವರ ಕೈ ಸೇರಿದವು, ಕೆಲವು ಗುಜರಿ ಸೇರಿದವು, ಇನ್ನು ಕೆಲವು ಹಳೆಯ ವಾಡೆಗಳ ಕೊಟ್ಟಿಗೆಯಲ್ಲಿ ಕೋಳಿಗಳಿಗೆ ಗೂಡಾದವು.

ಇಂಗ್ಲೆಂಡಿನ ಎಂ.ಜಿ. ಈ ಜಾತಿಯ ಕಾರುಗಳಲ್ಲಿ ಹೆಸರಾದದ್ದು. ಅದರ 'ಟಿ.ಸಿ.' ಮಾದರಿ 1945ರಿಂದ 1949ರವರೆಗೆ ತಯಾರಾಯಿತು. ಒಟ್ಟು ಸುಮಾರು 10,000 ಗಾಡಿಗಳು. ಅದರ ಬೆನ್ನಿಗೆ ಬಂದ 'ಟಿ.ಡಿ.' 1953ರವರೆಗೆ ನಡೆಯಿತು. ಎರಡಕ್ಕೂ 1,250 ಸಿ.ಸಿ. ಇಂಜಿನ್ನು. ಇಂದಿನ ಸಣ್ಣ ಕುಟುಂಬದ ಕಾರಿನಷ್ಟೂ ಅದಕ್ಕೆ ಶಕ್ತಿಯಿಲ್ಲ. ಆದರೆ ಗಾಡಿ ಹಗುರ, ಕೂರುವ ಜಾಗ ನೆಲಕ್ಕೆ ಹತ್ತಿರ, ಮುಖಕ್ಕೆ ಗಾಳಿ. ಮೂವತ್ತು ಮೈಲಿಯ ವೇಗ ಅರವತ್ತರಂತೆ ತೋರುವ ಮಾಯೆ ಅಲ್ಲಿದೆ.

ನಮ್ಮ ದೇಶದಲ್ಲಿಯೂ ಈ ವಂಶದ ನಂಟರಿದ್ದಾರೆ. ಮದರಾಸಿನಲ್ಲಿ 1961ರಿಂದ ತಯಾರಾದ ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಹಲವರಿಗೆ ನೆನಪಿರಬಹುದು. ಇಂಗ್ಲೆಂಡಿನ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಹುಟ್ಟಿದ್ದು ಇದೇ ಹೆರಾಲ್ಡಿನ ಅಸ್ಥಿಪಂಜರದಿಂದ. ಬೆಂಗಳೂರಿನ ಸಿಪಾನಿ ಸಂಸ್ಥೆ 1980ರ ದಶಕದಲ್ಲಿ ಹೊರತಂದ ನಾರುಗಾಜಿನ ಮೈಯ 'ಡಾಲ್ಫಿನ್' ಸಂತೆಯಲ್ಲಿ ಸೋತರೂ ರ‍್ಯಾಲಿಗಳಲ್ಲಿ ಹೆಸರು ಮಾಡಿತು. 1990ರ ದಶಕದ ಕೊನೆಗೆ ಬಂದ, ಇಬ್ಬರು ಕೂರುವ 'ಸ್ಯಾನ್ ಸ್ಟಾರ್ಮ್' ಗೋವೆಯಲ್ಲಿ ತಯಾರಾಯಿತು. ಹೀಗೆ ಆಸೆಗೆ ಮೆಟ್ಟಿಲುಗಳಿವೆ. ಎಲ್ಲರೂ ಎಂ.ಜಿ.ಯ ಮೆಟ್ಟಿಲನ್ನೇ ಹತ್ತಬೇಕೆಂದಿಲ್ಲ.

ಎತ್ತು ಕೊಳ್ಳುವವರ ಜಾಣತನ

ಬನಹಟ್ಟಿಯ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳೋಣ. ಮನೆಯ ಯಜಮಾನರಿಗೆ ಮಗ್ಗಗಳ ವ್ಯವಹಾರ. ಕೊಲ್ಹಾಪುರದ ಕಡೆ ಒಂದು ಟಿ.ಡಿ. ಮಾರಾಟಕ್ಕಿದೆಯೆಂಬ ಸುದ್ದಿ ಕಿವಿಗೆ ಬಿದ್ದಿದೆ. ಮೇಲಿನ ಅಂತಸ್ತು ಕಟ್ಟಿಸಲೆಂದು ಕೂಡಿಟ್ಟ ಹಣ ಬ್ಯಾಂಕಿನಲ್ಲಿದೆ. ಹೆಂಡತಿಯ ಮಾತು ಸರಳ: "ಅಲ್ರೀ, ಮನ್ಯಾಗ ಐದ ಮಂದಿ, ಗಾಡ್ಯಾಗ ಎರಡ ಜಾಗಾ. ಉಳಿದ ಮೂವರ ಎಲ್ಲಿ ಕುಂದ್ರಬೇಕು?" ಇದಕ್ಕೆ ಉತ್ತರ ಯಜಮಾನರ ಬಳಿ ಇಲ್ಲ. ಅಷ್ಟರಲ್ಲಿ ಮುದುಕ ತಂದೆ, "ನಡೀ, ನಾನೂ ಬರ್ತೀನಿ. ಕೊಳ್ಳೂದು ಬಿಡೂದು ಆಮ್ಯಾಲ" ಎಂದು ಪಟಕಾ ಸುತ್ತಿಕೊಂಡು ಏಳುತ್ತಾರೆ.

ಈ ಹಿರಿಯರಿಗೆ ಮೋಟಾರಿನ ಗಂಧವಿಲ್ಲ. ಆದರೆ ದನಗಳ ಜಾತ್ರೆಯಲ್ಲಿ ಖಿಲಾರಿ ಎತ್ತುಗಳನ್ನು ಕೊಂಡ ಅನುಭವವಿದೆ. ಎತ್ತು ಕೊಳ್ಳುವವನು ಕೋಡಿಗೆ ಹಚ್ಚಿದ ಬಣ್ಣವನ್ನೂ ಕೊರಳ ಗೆಜ್ಜೆಯನ್ನೂ ನೋಡುವುದಿಲ್ಲ. ಬಾಯಿ ತೆರೆಸಿ ಹಲ್ಲು ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸಿ ಗೊರಸು ನೋಡುತ್ತಾನೆ, ಹೆಗಲ ಮೇಲಿನ ನೊಗದ ಗುರುತು ನೋಡುತ್ತಾನೆ. ಎಲ್ಲಕ್ಕಿಂತ ಮೊದಲು ಮಾರುವವನ ಮನೆಯ ಗೋದಲಿಯನ್ನು ನೋಡುತ್ತಾನೆ. ಗೋದಲಿ ಚೊಕ್ಕಟವಿದ್ದರೆ ಎತ್ತಿನ ಮೇಲೆ ಅರ್ಧ ನಂಬಿಕೆ ಹುಟ್ಟಿದಂತೆಯೇ.

ಹಳೆಯ ಕಾರಿಗೂ ಈ ಪರೀಕ್ಷೆ ಅಕ್ಷರಶಃ ಒಪ್ಪುತ್ತದೆ. ಗಾಡಿ ನಿಲ್ಲುವ ಷೆಡ್ಡಿನ ನೆಲದ ಮೇಲೆ ಎಣ್ಣೆಯ ಕಲೆಗಳೆಷ್ಟು? ಗೋಡೆಗೆ ತೂಗುಹಾಕಿದ ಪಾನಾಗಳು ಆ ಗಾಡಿಯ ಅಳತೆಯವೇ? ಹಳೆಯ ಇಂಗ್ಲಿಷ್ ಗಾಡಿಗಳಿಗೆ ವಿಟ್‌ವರ್ತ್ ಅಳತೆಯ ಪಾನಾ ಬೇಕು. ಇಂದಿನ ಮಿಲಿಮೀಟರ್ ಪಾನಾ ಹಾಕಿ ತಿರುಗಿಸಿದವರ ಗಾಡಿಯಲ್ಲಿ ನಟ್ಟುಗಳ ಮೂಲೆಗಳೆಲ್ಲ ಸವೆದು ದುಂಡಗಾಗಿರುತ್ತವೆ. ಆ ಸವೆದ ನಟ್ಟು ಹಿಂದಿನ ಒಡೆಯನ ಅವಸರಕ್ಕೆ ಸಾಕ್ಷಿ. ಎಣ್ಣೆ ಬದಲಿಸಿದ ತಾರೀಖು, ಓಡಿದ ಮೈಲಿ, ತಂದ ಬಿಡಿಭಾಗದ ರಸೀದಿ ಇವೆಲ್ಲವನ್ನೂ ಒಂದು ವಹಿಯಲ್ಲಿ ಬರೆದಿಟ್ಟವನಾದರೆ ಆ ವಹಿಗೆ ಬಣ್ಣಕ್ಕಿಂತ ಬೆಲೆ ಹೆಚ್ಚು.

ತಣ್ಣಗಿದ್ದಾಗಲೇ ನೋಡಬೇಕು

ಕೊಳ್ಳುವವರು ಬರುತ್ತಾರೆಂದು ಮೊದಲೇ ಇಂಜಿನ್ನು ಬಿಸಿಮಾಡಿ ಇಡುವ ರೂಢಿ ಕೆಲವರಿಗಿದೆ. ಹಾಗಾಗಿ ಬೆಳಿಗ್ಗೆ ಹೋಗಿ ಮೊದಲು ಬಾನೆಟ್ಟಿನ ಮೇಲೆ ಕೈಯಿಟ್ಟು ನೋಡುವುದು ಲೇಸು. ತಣ್ಣನೆಯ ಇಂಜಿನ್ನು ಚಾಲೂ ಆಗುವಾಗ ಸುಳ್ಳು ಹೇಳಲಾರದು. ಹೊಗೆ ನೀಲಿಯಿದ್ದರೆ ಎಣ್ಣೆ ಉರಿಯುತ್ತಿದೆ. ಕಪ್ಪಾದರೆ ಪೆಟ್ರೋಲು ಹೆಚ್ಚಾಗಿ ಹರಿಯುತ್ತಿದೆ. ಬಿಳಿ ಹೊಗೆ ಬಿಸಿಯಾದ ಮೇಲೂ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿದೆ. ಕಪ್ಪು ಹೊಗೆಯ ಮದ್ದು ಅಗ್ಗ, ಉಳಿದೆರಡರದು ದುಬಾರಿ. ಎಂ.ಜಿ.ಯಲ್ಲಿ ಎಣ್ಣೆಯ ಒತ್ತಡ ತೋರಿಸುವ ಮುಳ್ಳೊಂದಿದೆ. ಗಾಡಿ ಬಿಸಿಯಾಗಿ ಓಡುವಾಗ ಅದು ಚದರಂಗುಲಕ್ಕೆ 40 ಪೌಂಡಿಗಿಂತ ತೀರ ಕೆಳಗಿಳಿದರೆ ಇಂಜಿನ್ನಿನ ಒಳಗಿನ ಬೇರಿಂಗುಗಳು ಸವೆದಿರಬಹುದು.

ಇಂಜಿನ್ನಿಗಿಂತಲೂ ಮೈಯ ಪರೀಕ್ಷೆ ಮುಖ್ಯ. ಇಂಜಿನ್ನನ್ನು ಬಿಚ್ಚಿ ಸರಿಪಡಿಸಬಹುದು. ಕೊಲ್ಹಾಪುರದ ಉದ್ಯಮನಗರದಂಥ ಕಡೆ ಎರಕ ಹೊಯ್ಯುವವರೂ ಲೇತಿನ ಮೇಲೆ ಭಾಗ ಕಡೆದುಕೊಡುವವರೂ ಇದ್ದಾರೆ. ಆದರೆ ತುಕ್ಕು ತಿಂದ ಚೌಕಟ್ಟನ್ನು ನೆಟ್ಟಗೆ ಮಾಡುವುದು ಕಷ್ಟ. ಒಂದು ಸಣ್ಣ ಅಯಸ್ಕಾಂತವನ್ನು ಬಟ್ಟೆಯಲ್ಲಿ ಸುತ್ತಿ ತಗಡಿನ ಮೇಲೆ ಆಡಿಸಿದರೆ, ಅದು ಹಿಡಿಯದೆ ಜಾರುವ ಕಡೆ ಬಣ್ಣದ ಕೆಳಗೆ ಪುಟ್ಟಿ ತುಂಬಿದೆಯೆಂದು ತಿಳಿಯಬೇಕು. ಟಿ.ಸಿ., ಟಿ.ಡಿ.ಗಳ ಮೈತಗಡಿನ ಒಳಗಿರುವುದು ಮರದ ಚೌಕಟ್ಟು. ಬಾಗಿಲು ತೆರೆದು ಮೆಲ್ಲಗೆ ಮೇಲಕ್ಕೆತ್ತಿದಾಗ ಇಡೀ ಕಂಬವೇ ಅಲುಗಾಡಿದರೆ ಮರ ಕೊಳೆತಿದೆ ಇಲ್ಲವೆ ಅದರ ಕೀಲು ಸಡಿಲಾಗಿದೆ.

ಟಯರಿನ ಗೆರೆಗಳು ಆಳವಾಗಿದ್ದ ಮಾತ್ರಕ್ಕೆ ಟಯರು ಹೊಸದಲ್ಲ. ಅದರ ಪಕ್ಕದಲ್ಲಿ ಒತ್ತಿದ ನಾಲ್ಕಂಕಿ ನೋಡಬೇಕು. 2319 ಎಂದಿದ್ದರೆ 2019ನೆಯ ಇಸವಿಯ 23ನೆಯ ವಾರದಲ್ಲಿ ತಯಾರಾದದ್ದು. ಷೆಡ್ಡಿನಲ್ಲಿ ನಿಂತ ಗಾಡಿಯ ಟಯರು ಸವೆಯುವುದಿಲ್ಲ, ಒಣಗಿ ಬಿರಿಯುತ್ತದೆ.

ನೆಲ, ನೀರು, ಪೆಟ್ರೋಲು

ಈ ನಾಲ್ಕು ತಾಲೂಕುಗಳ ಒಣಹವೆ ಹಳೆಯ ಗಾಡಿಗೆ ಒಂದು ವರ. ಕರಾವಳಿಯ ಉಪ್ಪುಗಾಳಿಯಲ್ಲಿ ಹತ್ತು ವರ್ಷದಲ್ಲಿ ತುಕ್ಕು ಹಿಡಿಯುವ ತಗಡು ಇಲ್ಲಿ ಬಹುಕಾಲ ಗಟ್ಟಿಯಾಗಿರುತ್ತದೆ. ಆದರೆ ಆ ಒಣಹವೆಯೇ ಮರವನ್ನೂ ರಬ್ಬರನ್ನೂ ಹೀರುತ್ತದೆ. ಮುಧೋಳ, ಲೋಕಾಪುರದ ಸುತ್ತಲಿನದು ಸುಣ್ಣಕಲ್ಲಿನ ಸೀಮೆ. ಬೋರಿನ ನೀರು ಗಡಸು. ಆ ನೀರನ್ನು ರೇಡಿಯೇಟರಿಗೆ ಹೊಯ್ದರೆ ಸ್ನಾನದ ಹಂಡೆಯ ಒಳಗೆ ಕಟ್ಟುವ ಬಿಳಿಯ ಪದರವೇ ಅಲ್ಲಿಯೂ ಕಟ್ಟುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಬೀಳಗಿಯ ದಾರಿ ಹಿಡಿದಾಗ ಗಾಡಿ ಕುದಿದು ನಿಂತರೆ ಅಚ್ಚರಿಪಡಬೇಕಾದುದಿಲ್ಲ. ಬಟ್ಟಿಯಿಳಿಸಿದ ನೀರು ಮತ್ತು ಕೂಲೆಂಟು, ಇವೆರಡಕ್ಕೆ ಜಿಪುಣತನ ಸಲ್ಲದು.

ಪೆಟ್ರೋಲಿನ ಸಂಗತಿಯೂ ಬದಲಾಗಿದೆ. ಸೀಸ ಬೆರೆತ ಪೆಟ್ರೋಲಿನ ಮಾರಾಟ ದೇಶದಲ್ಲಿ 2000ದಲ್ಲಿ ನಿಂತಿತು. ಆ ಸೀಸವನ್ನು ನಂಬಿದ್ದ ಹಳೆಯ ಇಂಜಿನ್ನುಗಳ ವಾಲ್ವುಗಳ ಕೆಳಗೆ ಗಟ್ಟಿ ಉಕ್ಕಿನ ಬಳೆ ಕೂರಿಸಿದ್ದಾರೆಯೇ ಎಂದು ಕೇಳಬೇಕು. 2025ರಿಂದ ಬಂಕುಗಳಲ್ಲಿ ಸಾಮಾನ್ಯವಾಗಿ ಸಿಗುವುದು ನೂರಕ್ಕೆ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲು. ಆ ಎಥೆನಾಲು ಈ ಸೀಮೆಯ ಕಬ್ಬಿನಿಂದಲೂ ತಯಾರಾಗುತ್ತದೆ. ರೈತನಿಗೆ ಒಳಿತಾದರೂ ಹಳೆಯ ಗಾಡಿಯ ರಬ್ಬರು ನಳಿಕೆಗಳಿಗೆ ಅದು ಒಗ್ಗುವುದಿಲ್ಲ. ಕೊಂಡ ವಾರದಲ್ಲಿಯೇ ಅವನ್ನು ಎಥೆನಾಲ್ ತಡೆಯುವ ಹೊಸ ನಳಿಕೆಗಳಿಗೆ ಬದಲಿಸುವುದು ಕ್ಷೇಮ. ಪೆಟ್ರೋಲು ಸೋರಿದಲ್ಲಿ ಬೆಂಕಿಗೆ ನೆಪ ಬೇಕಿಲ್ಲ.

ಕಾಗದದ ಮೇಲಿನ ಗಾಡಿ

ಗಾಡಿ ಎಷ್ಟೇ ಚೆಲುವಾಗಿರಲಿ, ಚಾಸಿಯ ಮೇಲೆ ಮತ್ತು ಇಂಜಿನ್ನಿನ ಮೇಲೆ ಒತ್ತಿದ ಸಂಖ್ಯೆಗಳು ನೋಂದಣಿ ಪುಸ್ತಕದ ಸಂಖ್ಯೆಗಳೊಡನೆ ಕೂಡದಿದ್ದರೆ ಅಲ್ಲಿಗೇ ಕೈಮುಗಿದು ಬರಬೇಕು. ಗಾಡಿ ಮಹಾರಾಷ್ಟ್ರದ್ದಾದರೆ ಅಲ್ಲಿನ ಕಚೇರಿಯ ನಿರಾಕ್ಷೇಪಣಾ ಪತ್ರ, ಅಂದರೆ 28ನೆಯ ನಮೂನೆ ಬೇಕು. ಮಾಲಿಕತ್ವದ ಬದಲಾವಣೆಗೆ 29 ಮತ್ತು 30ನೆಯ ನಮೂನೆಗಳು. ಆಮೇಲೆ ಕರ್ನಾಟಕದ ತೆರಿಗೆ ಕಟ್ಟಿ ಜಮಖಂಡಿಯ ಕಚೇರಿಯಲ್ಲಿ ಕೆಎ-48ರ ಸಂಖ್ಯೆ ಪಡೆಯಬೇಕು. ವಿಮೆ ಹಳೆಯ ಒಡೆಯನ ಹೆಸರಿನಲ್ಲಿಯೇ ಉಳಿದರೆ ಅಪಘಾತದ ದಿನ ಅದರ ಕಷ್ಟ ತಿಳಿಯುತ್ತದೆ.

ಐವತ್ತು ವರ್ಷ ದಾಟಿದ, ಮೂಲರೂಪ ಕೆಡದ ಗಾಡಿಗಳಿಗಾಗಿ ಕೇಂದ್ರ ಸರಕಾರ 2021ರಲ್ಲಿ ಪ್ರತ್ಯೇಕ ನಿಯಮ ಮಾಡಿತು. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ. ಹತ್ತು ವರ್ಷದ ಮೇಲೆ ಮರುನೋಂದಣಿಗೆ 5,000. ಈ ಬಗೆಯ ಹೊಸ ಸಂಖ್ಯೆಯಲ್ಲಿ 'ವಿಎ' ಎಂಬ ಅಕ್ಷರಗಳಿರುತ್ತವೆ. ಆದರೆ ಹೀಗೆ ನೋಂದಾಯಿಸಿದ ಗಾಡಿಯನ್ನು ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ, ಪೆಟ್ರೋಲು ಹಾಕಿಸಲು ಒಯ್ಯಬಹುದೇ ಹೊರತು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಚೌಕಟ್ಟನ್ನೋ ಇಂಜಿನ್ನನ್ನೋ ಬದಲಿಸಿದ ಗಾಡಿಗೆ ಈ ಮನ್ನಣೆ ದೊರೆಯದು. ಇಲ್ಲಿಯೂ ಕಾಪಾಡಿದ ಕೈಗೇ ಬೆಲೆ.

ಮೂವರು ಎಲ್ಲಿ ಕೂರಬೇಕು?

ಬನಹಟ್ಟಿಯ ಗೃಹಿಣಿಯ ಪ್ರಶ್ನೆ ಇನ್ನೂ ಉಳಿದಿದೆ. ಅದು ಹಾಸ್ಯದ ಪ್ರಶ್ನೆಯಲ್ಲ. ಈ ಗಾಡಿಯಲ್ಲಿ ತಯಾರಕರು ಕೊಟ್ಟ ಸೀಟುಬೆಲ್ಟಿಲ್ಲ, ಏರ್‌ಬ್ಯಾಗಿಲ್ಲ. ಬ್ರೇಕು ಹಳೆಯ ಡ್ರಮ್ಮಿನದು. ಹಿಂದಿನ ದೀಪ ಮಿಣುಕು. ಕತ್ತಲಾದ ಮೇಲೆ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಇಷ್ಟು ತಗ್ಗಾದ ಗಾಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಸಂಸಾರದ ಓಡಾಟಕ್ಕೆ ಇನ್ನೊಂದು ವಾಹನವಿದ್ದು, ಮಕ್ಕಳ ಶುಲ್ಕ, ಮನೆಯ ಕೆಲಸ ಮುಗಿದು ಉಳಿದ ಹಣದಲ್ಲಿ ಮಾತ್ರ ಇಂಥ ಆಸೆಗೆ ಕೈಹಾಕಬೇಕು. ಸಾಲ ಮಾಡಿ ಕೊಂಡ ಹಳೆಯ ಕಾರು ಷೆಡ್ಡಿನಲ್ಲಿ ನಿಂತರೂ ಬಡ್ಡಿಯ ದಾರಿಯಲ್ಲಿ ಓಡುತ್ತಲೇ ಇರುತ್ತದೆ. ನೋಡಿ ತಣಿಯುವ ಆಸೆಯಾದರೆ ಧರ್ಮಸ್ಥಳದಲ್ಲಿಯೂ ಶ್ರೀರಂಗಪಟ್ಟಣದ ಬಳಿಯ 'ಪಯಣ'ದಲ್ಲಿಯೂ ಇಂಥ ಗಾಡಿಗಳ ಸಂಗ್ರಹವಿದೆ. ಮೊದಲು ಮನೆಮಂದಿಯೆಲ್ಲ ಕೂಡಿ ಅಲ್ಲಿಗೆ ಹೋಗಿಬರುವುದು ಜಾಣತನ.

ಆದರೂ ಕೊಳ್ಳುವವರು ಕೊಳ್ಳುತ್ತಾರೆ, ಕೊಳ್ಳಬೇಕು ಕೂಡ. ಯಾರೂ ಕೊಳ್ಳದಿದ್ದರೆ ಗಾಡಿಗಳು ಗುಜರಿಗೆ ಹೋಗುತ್ತವೆ, ಅವುಗಳೊಡನೆ ಅವನ್ನು ಬಲ್ಲ ಮಿಸ್ತ್ರಿಗಳ ವಿದ್ಯೆಯೂ ಹೋಗುತ್ತದೆ. ಕಾರ್ಬ್ಯುರೇಟರಿನ ಉಸಿರನ್ನು ಕಿವಿಯಿಂದಲೇ ಕೇಳಿ ಹದಗೊಳಿಸಬಲ್ಲ ಮುದುಕರು ಇಂದು ಬೆರಳೆಣಿಕೆಯಷ್ಟು. ಮಗ್ಗದ ಸದ್ದಿನಲ್ಲಿ ಒಂದು ಎಳೆ ತಪ್ಪಿದರೂ ಗುರುತಿಸಬಲ್ಲ ರಬಕವಿ-ಬನಹಟ್ಟಿಯ ಮಂದಿಗೆ ಈ ವಿದ್ಯೆ ತೀರ ಪರಕೀಯವೇನಲ್ಲ.

ಕೊಲ್ಹಾಪುರದ ಕಡೆಯ ಆ ಷೆಡ್ಡಿನಲ್ಲಿ ಮಗ ಗಾಡಿಯ ಸುತ್ತ ತಿರುಗುವಷ್ಟು ಹೊತ್ತೂ ಮುದುಕರು ನೆಲವನ್ನೂ ಗೋಡೆಯನ್ನೂ ನೋಡುತ್ತ ನಿಂತಿದ್ದಾರೆಂದು ಊಹಿಸಿಕೊಳ್ಳಿ. ಮಾತುಕತೆ ಮುಗಿದ ಮೇಲೆ ಮಾರುವವನು ಬೀಗದ ಕೈಯನ್ನು ಮುಂದೆ ಚಾಚುತ್ತಾನೆ. ಮುದುಕರು ಅದನ್ನು ಮಗನಿಗೆ ತೋರಿಸಿ, ತಾವು ಮೂಲೆಯ ಗೂಡಿನಲ್ಲಿದ್ದ ಎಣ್ಣೆಗಲೆಯ ವಹಿಯತ್ತ ಕೈಮಾಡುತ್ತಾರೆ: "ಅದನ್ನೂ ಕೊಡ್ರಿ. ಇನ್ನ ಮುಂದ ನಾವು ಬರೀಬೇಕಲ್ಲ?"