ಸಭೆ ಹೊರಗೆ ಹಾಕಿತು, ಜನ ಮತ್ತೆ ಕಳಿಸಿದರು

ಮಕ್ಕಳೇ, ಮನೆಯಲ್ಲಿ 50 ಡಾಲರ್ ನೋಟು ಇದ್ದರೆ ಅಪ್ಪ ಅಮ್ಮನನ್ನು ಕೇಳಿ ಒಮ್ಮೆ ನೋಡಿ. ಅದರ ಮೇಲಿರುವವರು 21 ವರ್ಷಕ್ಕೂ ಹೆಚ್ಚು ಕಾಲ ಕೆನಡಾದ ಪ್ರಧಾನಿಯಾಗಿದ್ದ ವಿಲಿಯಂ ಲಯನ್ ಮೆಕೆಂಜಿ ಕಿಂಗ್. ಅವರಿಗೆ ಆ ಹೆಸರು ಬಂದದ್ದು ತಾಯಿಯ ತಂದೆಯಿಂದ. ನಮ್ಮಲ್ಲೂ ಮೊಮ್ಮಗನಿಗೆ ತಾತನ ಹೆಸರಿಡುತ್ತಾರಲ್ಲ, ಹಾಗೆ. ಮೊಮ್ಮಗ ಪ್ರಧಾನಿಯಾದರು. ಆದರೆ ಆ ತಾತನನ್ನು ಹಿಡಿದುಕೊಟ್ಟವರಿಗೆ ಸಾವಿರ ಪೌಂಡ್ ಕೊಡುವುದಾಗಿ ಒಂದು ಕಾಲದಲ್ಲಿ ಇಲ್ಲಿನ ಸರ್ಕಾರವೇ ಸಾರಿತ್ತು! ಈ ತಿಂಗಳು ಆ ತಾತನ ಕಥೆ.

ವಿಲಿಯಂ ಲಯನ್ ಮೆಕೆಂಜಿ ಹುಟ್ಟಿದ್ದು 1795ರ ಮಾರ್ಚ್ 12ರಂದು, ಸ್ಕಾಟ್ಲೆಂಡಿನ ಡಂಡೀ ಊರಿನಲ್ಲಿ. ತಂದೆ ನೇಕಾರರು. ಮಗು ಹುಟ್ಟಿದ ಕೆಲವೇ ವಾರಗಳಲ್ಲಿ ಅವರು ತೀರಿಕೊಂಡರು. ಬಡತನದಲ್ಲಿ ತಾಯಿ ಒಬ್ಬರೇ ಸಾಕಿದರು. ಹುಡುಗನಿಗೆ ಓದುವ ಹುಚ್ಚು. ತಾನು ಓದಿದ ಪುಸ್ತಕಗಳ ಪಟ್ಟಿ ಬರೆದಿಟ್ಟುಕೊಳ್ಳುತ್ತಿದ್ದ. ಆ ಪಟ್ಟಿಯಲ್ಲಿ 958 ಪುಸ್ತಕಗಳಿದ್ದವು!

1820ರಲ್ಲಿ ಅವರು ಹಡಗು ಹತ್ತಿ ಕೆನಡಾಕ್ಕೆ ಬಂದರು. ಈಗಿನ ಒಂಟಾರಿಯೊವನ್ನು ಆಗ ಅಪ್ಪರ್ ಕೆನಡಾ ಎನ್ನುತ್ತಿದ್ದರು, ಟೊರಾಂಟೊದ ಹೆಸರು ಯಾರ್ಕ್. ಜನ ಚುನಾಯಿಸಿದ ಶಾಸನಸಭೆ ಇತ್ತು, ಆದರೆ ಅಧಿಕಾರವೆಲ್ಲ ಗವರ್ನರ್ ಮತ್ತು ಅವರ ಸುತ್ತಲಿದ್ದ ಕೆಲವೇ ಮನೆತನಗಳ ಕೈಯಲ್ಲಿ. ಈ ಕೂಟಕ್ಕೆ ಜನ ‘ಫ್ಯಾಮಿಲಿ ಕಾಂಪ್ಯಾಕ್ಟ್’ ಎಂದು ಹೆಸರಿಟ್ಟಿದ್ದರು. ದೊಡ್ಡ ಕೆಲಸಗಳೂ ಒಳ್ಳೆಯ ಜಮೀನೂ ಅವರವರಲ್ಲೇ ಹಂಚಿಹೋಗುತ್ತಿದ್ದವು. ಪಾದ್ರಿಗಳ ಹೆಸರಿನಲ್ಲಿ ಮೀಸಲಿಟ್ಟ ಜಮೀನು ಪಾಳುಬಿದ್ದು, ನಡುವೆ ರಸ್ತೆಯೂ ಇಲ್ಲದೆ ರೈತರು ಒದ್ದಾಡುತ್ತಿದ್ದರು.

ಇದನ್ನೆಲ್ಲ ಬರೆಯಲೆಂದೇ ಮೆಕೆಂಜಿ 1824ರ ಮೇ 18ರಂದು ‘ಕಲೋನಿಯಲ್ ಅಡ್ವೊಕೇಟ್’ ಪತ್ರಿಕೆ ಶುರುಮಾಡಿದರು. ಅವರ ಮಾತು ಬಲು ಖಾರ. ದೊಡ್ಡವರ ತಪ್ಪುಗಳ ಜೊತೆಗೆ ಅವರ ಮನೆತನಗಳನ್ನೂ ಹಂಗಿಸಿ ಬರೆಯುತ್ತಿದ್ದರು. 1826ರ ಜೂನ್ 8ರಂದು ದೊಡ್ಡ ಮನೆತನಗಳ ಯುವಕರು ಅವರ ಅಚ್ಚುಕೂಟಕ್ಕೆ ನುಗ್ಗಿ, ಯಂತ್ರ ಮುರಿದು, ಅಚ್ಚಿನ ಮೊಳೆಗಳನ್ನು ಕೆರೆಗೆ ಎಸೆದರು. ಆ ಕೆರೆ ನಮ್ಮ ಲೇಕ್ ಒಂಟಾರಿಯೊ! ಅಚ್ಚಿನ ಮೊಳೆ ಎಂದರೆ ಒಂದೊಂದು ಅಕ್ಷರಕ್ಕೂ ಒಂದೊಂದು ಲೋಹದ ತುಂಡು. ಒಂದೊಂದನ್ನೇ ಕೈಯಿಂದ ಜೋಡಿಸಿ ಇಡೀ ಪುಟ ಅಚ್ಚು ಮಾಡಬೇಕಿತ್ತು. ಮೆಕೆಂಜಿ ಕೋರ್ಟಿಗೆ ಹೋದರು, 625 ಪೌಂಡ್ ಪರಿಹಾರ ಸಿಕ್ಕಿತು. ಸಾಲದಲ್ಲಿ ಮುಳುಗಿ ನಿಲ್ಲುವಂತಿದ್ದ ಪತ್ರಿಕೆ ಆ ಹಣದಿಂದ ಬದುಕಿಕೊಂಡಿತು. ಬಾಯಿ ಮುಚ್ಚಿಸಲು ಬಂದವರೇ ದನಿ ಉಳಿಸಿಕೊಟ್ಟಂತಾಯಿತು.

1828ರಲ್ಲಿ ಯಾರ್ಕ್ ಕೌಂಟಿಯ ಜನ ಅವರನ್ನು ಶಾಸನಸಭೆಗೆ ಆರಿಸಿದರು. ಸಭೆಯನ್ನು ಟೀಕಿಸಿ ಬರೆದರೆಂದು 1831ರ ಡಿಸೆಂಬರಿನಲ್ಲಿ ಸಭೆ ಅವರನ್ನು ಹೊರಗೆ ಹಾಕಿತು. ಖಾಲಿಯಾದ ಸ್ಥಾನಕ್ಕೆ 1832ರ ಜನವರಿ 2ರಂದು ಮತ್ತೆ ಚುನಾವಣೆ. ಆಗ ಗುಟ್ಟಿನ ಮತಪೆಟ್ಟಿಗೆ ಇರಲಿಲ್ಲ, ಎಲ್ಲರ ಎದುರು ನಿಂತು ನನ್ನ ಮತ ಇಂಥವರಿಗೆ ಎಂದು ಬಾಯಿಬಿಟ್ಟು ಹೇಳಬೇಕಿತ್ತು. ದೊಡ್ಡವರ ಕಣ್ಣು ಕೆಂಪಾಗುತ್ತದೆ ಎಂದು ಗೊತ್ತಿದ್ದೂ 119 ಜನ ಮೆಕೆಂಜಿಯ ಹೆಸರು ಹೇಳಿದರು. ಎದುರಾಳಿಗೆ ಬಿದ್ದದ್ದು ಒಂದೇ ಮತ! ಕೆಲವೇ ದಿನಗಳಲ್ಲಿ ಸಭೆ ಮತ್ತೆ ಹೊರಗೆ ಹಾಕಿತು. ಜನ ಮತ್ತೆ ಆರಿಸಿದರು. ಮುಂದಿನ ಎರಡು ವರ್ಷ ಇದೇ ನಡೆಯಿತು.

1834ರಲ್ಲಿ ಯಾರ್ಕ್ ಊರು ಟೊರಾಂಟೊ ನಗರವಾಯಿತು. ಮೊದಲ ಮೇಯರ್ ಮೆಕೆಂಜಿಯೇ. ಆ ಬೇಸಿಗೆಯಲ್ಲಿ ಕಾಲರಾ ಬಂದಾಗ ರೋಗಿಗಳನ್ನು ಆಸ್ಪತ್ರೆಗೆ ಸೇರಿಸಲು ಓಡಾಡಿ, ತಮಗೂ ಕಾಲರಾ ಅಂಟಿಸಿಕೊಂಡರು.

ಆದರೆ 1836ರ ಚುನಾವಣೆಯಲ್ಲಿ ಗವರ್ನರ್ ಫ್ರಾನ್ಸಿಸ್ ಬಾಂಡ್ ಹೆಡ್ ತಾವೇ ಎದುರು ಪ್ರಚಾರಕ್ಕೆ ನಿಂತರು. ಮೆಕೆಂಜಿ ಸೋತರು, ಸಹನೆ ಕಳೆದುಕೊಂಡರು. 1837ರ ಡಿಸೆಂಬರಿನಲ್ಲಿ ಈಗಿನ ಯಾಂಗ್–ಎಗ್ಲಿಂಟನ್ ಬಳಿ ಇದ್ದ ಮಾಂಟ್‌ಗೊಮರಿ ಟ್ಯಾವರ್ನ್‌ನಲ್ಲಿ ರೈತರನ್ನು ಸೇರಿಸಿ ದಂಗೆ ಎದ್ದರು. ಹಲವರ ಕೈಯಲ್ಲಿ ಬಂದೂಕೂ ಇರಲಿಲ್ಲ. 5ರ ಸಂಜೆ ಯಾಂಗ್ ಸ್ಟ್ರೀಟಿನ ಕತ್ತಲಲ್ಲಿ ಗುಂಡು ಹಾರಿದಾಗ ಎರಡೂ ಕಡೆಯವರು ಹೆದರಿ ಓಡಿದರು. 7ರಂದು ಸರ್ಕಾರದ ಪಡೆ ಬಂದು ದಂಗೆಯನ್ನು ಮುಗಿಸಿತು. ಮೆಕೆಂಜಿ ಗಡಿ ದಾಟಿ ಅಮೆರಿಕಕ್ಕೆ ತಪ್ಪಿಸಿಕೊಂಡರು. ಅವರನ್ನು ನಂಬಿ ಬಂದಿದ್ದ ಸ್ಯಾಮ್ಯುಯೆಲ್ ಲೌಂಟ್, ಪೀಟರ್ ಮ್ಯಾಥ್ಯೂಸ್ ಸಿಕ್ಕಿಬಿದ್ದರು. ಸಾವಿರಾರು ಜನ ಸಹಿ ಹಾಕಿ ಬೇಡಿಕೊಂಡರೂ 1838ರ ಏಪ್ರಿಲ್ 12ರಂದು ಇಬ್ಬರನ್ನೂ ಗಲ್ಲಿಗೇರಿಸಿದರು.

ಇಲ್ಲಿ ಸ್ವಲ್ಪ ನಿಂತು ಯೋಚಿಸಬೇಕು. ದಂಗೆಯ ನಂತರ ಬ್ರಿಟನ್ ಎಚ್ಚೆತ್ತುಕೊಂಡಿತು, 1848ರ ಹೊತ್ತಿಗೆ ಜನರ ಸಭೆಗೆ ಉತ್ತರ ಕೊಡುವ ಸರ್ಕಾರ ಇಲ್ಲಿ ಬಂತು ಎಂಬುದು ನಿಜ. ಆದರೆ ಅದನ್ನು ಕಟ್ಟಿದವರು ರಾಬರ್ಟ್ ಬಾಲ್ಡ್‌ವಿನ್, ಲೂಯಿ ಲಾಫೋಂಟೇನ್ ಅವರಂಥ, ಸಭೆಯೊಳಗೇ ಕೂತು ವಾದಿಸಿದ ನಾಯಕರು. ಮೆಕೆಂಜಿ ಅಚ್ಚಿನ ಮೊಳೆ ಹಿಡಿದಾಗ ಸಭೆಯಿಂದ ಹೊರಬಿದ್ದರೂ ಜನರ ನಡುವೆ ಗೆದ್ದರು. ಬಂದೂಕು ಹಿಡಿಸಿದಾಗ ಎರಡೇ ದಿನದಲ್ಲಿ ಸೋತರು, ಅದರ ಬೆಲೆಯನ್ನು ಬೇರೆಯವರು ಜೀವದಿಂದ ತೆತ್ತರು.

ಅಮೆರಿಕದಲ್ಲಿ ಜೈಲುವಾಸ, ಬಡತನ ಎರಡನ್ನೂ ಕಂಡ ಮೆಕೆಂಜಿಗೆ 1849ರಲ್ಲಿ ಕ್ಷಮೆ ಸಿಕ್ಕಿತು. ಮರಳಿ ಬಂದು 1851ರಲ್ಲಿ ಹಾಲ್ಡಿಮಂಡ್ ಕ್ಷೇತ್ರದಲ್ಲಿ ನಿಂತರು. ಎದುರಾಳಿ ‘ಗ್ಲೋಬ್’ ಪತ್ರಿಕೆಯ ಜಾರ್ಜ್ ಬ್ರೌನ್, ಅವರೂ ಸ್ಕಾಟ್ಲೆಂಡಿನವರೇ. ಮೆಕೆಂಜಿಯೇ ಗೆದ್ದು, 1858ರವರೆಗೆ ಸದಸ್ಯರಾಗಿದ್ದರು. 1861ರ ಆಗಸ್ಟ್ 28ರಂದು ತೀರಿಕೊಂಡರು.

ದೂರದ ಊರಿನಿಂದ ಬಂದವರು ಇಲ್ಲಿ ಜನರ ಪರವಾಗಿ ಮಾತಾಡುವ ಪದ್ಧತಿ ಹಳೆಯದು, ಇನ್ನೂ ನಿಂತಿಲ್ಲ. ತುಮಕೂರು ಜಿಲ್ಲೆಯ ಶಿರಾ ತಾಲ್ಲೂಕಿನಿಂದ ಬಂದು ಸಂಸದರಾದ ಚಂದ್ರ ಆರ್ಯ 2022ರ ಮೇ ತಿಂಗಳಲ್ಲಿ ಒಟ್ಟಾವದ ಸಂಸತ್ತಿನಲ್ಲಿ ಕನ್ನಡದಲ್ಲೇ ಮಾತಾಡಿದ್ದನ್ನು ನಿಮ್ಮಲ್ಲಿ ಹಲವರು ನೋಡಿರಬಹುದು.

ಗೆಳೆಯರು ಹಣ ಕೂಡಿಸಿ ಮೆಕೆಂಜಿಗೆ ಕೊಡಿಸಿದ ಮನೆ ಈಟನ್ ಸೆಂಟರಿಗೆ ಹತ್ತಿರ, 82 ಬಾಂಡ್ ಸ್ಟ್ರೀಟ್‌ನಲ್ಲಿ ಈಗಲೂ ಇದೆ. ಮೆಕೆಂಜಿ ಹೌಸ್ ಎಂಬ ಆ ಮ್ಯೂಸಿಯಂನಲ್ಲಿ ಹಳೆಯ ಕಾಲದ ಅಚ್ಚುಕೂಟವೂ ಇದೆ. ಪೋಷಕರೇ, ತೆರೆದಿರುವ ದಿನ ನೋಡಿಕೊಂಡು ಮಕ್ಕಳನ್ನು ಕರೆದುಕೊಂಡು ಹೋಗಿ. ಮುಂದಿನ ಚುನಾವಣೆಯಲ್ಲಿ ನೀವು ಮತ ಹಾಕಲು ಹೊರಟಾಗಲೂ ಅವರು ಜೊತೆಗಿರಲಿ. 119 ಜನ ಎಲ್ಲರೆದುರು ಗಟ್ಟಿಯಾಗಿ ಹೇಳಬೇಕಿದ್ದ ಮಾತನ್ನು ಇಂದು ನಾವು ಯಾರ ಭಯವೂ ಇಲ್ಲದೆ ಗುಟ್ಟಾಗಿ ಹೇಳುತ್ತೇವೆ ಎಂದು ತಿಳಿಸಿಕೊಡಿ.